ಡಾಂಗಲ್ ಗುಜರಿಗೆ ಹೋಯ್ತು, ಡ್ರೈವರ್ ಒಳಗೇ ಉಳೀತು: "ಅನ್‌ಇನ್‌ಸ್ಟಾಲ್" ಅನ್ನೋ ಮಾತಿನ ನಲವತ್ತು ವರ್ಷ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೈನ್‌ನಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತನ್ನ ಎಂದಿನ ಹಾಗೆ ಬರೆದು ಹಾಕ್ತಿದ್ದೀನಿ. ಮಾತಾಡುವಾಗ ಬಿಟ್ಟುಹೋದ ಕೆಲವು ಇಸವಿಗಳನ್ನೂ ಸೇರಿಸಿದ್ದೀನಿ.

ಮೊದಲು ನನ್ನ ಕಥೆ. ಕೆಲವು ತಿಂಗಳ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿ ಆಯ್ತು. ಪುಣೆಯಿಂದ ಶಿಕಾರಿಪುರಕ್ಕೆ ಹೋಗಿ ಎರಡು ವಾರ ಅಲ್ಲಿಂದಲೇ ಕೆಲಸ ಮಾಡ್ತೀನಿ ಅಂದೆ, ಮ್ಯಾನೇಜರ್ ಒಪ್ಪಿದ್ರು. ಆದ್ರೆ ನಾನು ಬಳಸೋದು ನನ್ನ ಸ್ವಂತ ಲ್ಯಾಪ್‌ಟಾಪ್. ಹೊರಗಿಂದ ವಿಪಿಎನ್ ಸೇರಬೇಕಾದ್ರೆ ವಿಂಡೋಸ್ ಸೆಕ್ಯುರಿಟಿಯಲ್ಲಿ "ಮೆಮೊರಿ ಇಂಟೆಗ್ರಿಟಿ" ಅನ್ನೋದು ಆನ್ ಇರಲೇಬೇಕು ಅಂತ ಆಫೀಸಿನ ನಿಯಮ. ಶುಕ್ರವಾರ ಸಂಜೆ ಆನ್ ಮಾಡೋಕೆ ಹೋದೆ. ಆಗ್ಲಿಲ್ಲ. ಹೊಂದಿಕೆಯಾಗದ ಡ್ರೈವರ್ ಒಂದಿದೆ ಅಂತ ಒಂದು ಫೈಲ್ ಹೆಸರು ತೋರಿಸ್ತು. ಭಾನುವಾರ ರಾತ್ರಿ ಊರಿನ ಬಸ್ಸು.

ಯಾವುದಪ್ಪ ಇದು ಅಂತ ಹುಡುಕಿದ್ರೆ, 2020ರ ಲಾಕ್‌ಡೌನ್‌ನಲ್ಲಿ ಊರಲ್ಲಿದ್ದಾಗ ಚಿಕ್ಕಪ್ಪನ ಹತ್ತಿರ ಇಸ್ಕೊಂಡಿದ್ದ ಇಂಟರ್ನೆಟ್ ಡಾಂಗಲ್‌ನ ಡ್ರೈವರ್! ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. "ಅದಾ? ಗುಜರಿಯವನಿಗೆ ಹಾಕಿ ಎಷ್ಟು ವರ್ಷ ಆಯ್ತೋ ಮಾರಾಯ, ಈಗ ಕೇಳ್ತಿದ್ಯಲ್ಲ!" ಅಂದ್ರು.

ಸಾಧನವೇ ಇಲ್ಲ ಅಂದ್ಮೇಲೆ ಯೋಚನೆ ಏನು ಅಂತ, ಸಿಸ್ಟಮ್ 32ರ ಒಳಗಿನ ಡ್ರೈವರ್ಸ್ ಫೋಲ್ಡರ್‌ಗೆ ಹೋಗಿ ಆ ಫೈಲನ್ನ ಸೀದಾ ಅಳಿಸಿಬಿಟ್ಟೆ. ರೀಸ್ಟಾರ್ಟ್ ಮಾಡಿದ್ರೆ ಯುಎಸ್‌ಬಿ ಮೌಸ್ ಇಲ್ಲ, ಹೆಡ್‌ಸೆಟ್ ಇಲ್ಲ, ಪೆನ್‌ಡ್ರೈವ್ ಇಲ್ಲ. ಪುಣ್ಯಕ್ಕೆ ಲ್ಯಾಪ್‌ಟಾಪಿನ ಕೀಲಿಮಣೆ, ಟಚ್‌ಪ್ಯಾಡ್ ಕೆಲಸ ಮಾಡ್ತಿದ್ವು. ರಿಸೈಕಲ್ ಬಿನ್‌ನಿಂದ ಫೈಲನ್ನ ವಾಪಸ್ ಹಾಕಿದ ಮೇಲೆ ಎಲ್ಲ ಬಂತು. ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತೆ.

ಹದಿನಾಲ್ಕು ವರ್ಷದಿಂದ ಇದೇ ಹೊಟ್ಟೆಪಾಡಿನಲ್ಲಿರೋ ನನಗೇ ಒಂದು ಹಳೇ ಡ್ರೈವರ್ ತೆಗೆಯೋಕೆ ಇಷ್ಟು ಕಷ್ಟ ಯಾಕೆ? ಮೈಕ್ರೋಸಾಫ್ಟ್‌ನವರ ಸೋಮಾರಿತನ ಅಂತ ಬೈದು ಸುಮ್ಮನಾಗಬಹುದಿತ್ತು. ಆದ್ರೆ ಶನಿವಾರ ಇಡೀ ಕೂತು ಇದರ ಇತಿಹಾಸ ತಿರುವಿದಾಗ ಬೇರೆಯೇ ಒಂದು ವಿಷಯ ಕಾಣಿಸ್ತು. ಡ್ರೈವರ್ ಸೇರಿಸುವುದನ್ನು ಸುಲಭ ಮಾಡಿದ ಪ್ರತಿಯೊಂದು ಹೆಜ್ಜೆಯೂ ಅದನ್ನು ತೆಗೆಯುವುದನ್ನು ಒಂದಿಷ್ಟು ಕಷ್ಟ ಮಾಡುತ್ತಾ ಬಂದಿದೆ. ಇವತ್ತು ಹೇಳೋಕೆ ಹೊರಟಿದ್ದು ಇಷ್ಟೇ.

ಒಂದು ಸಾಲಿನ ಕಾಲ

ಡ್ರೈವರ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ಗೂ ಸಾಧನಕ್ಕೂ ನಡುವೆ ನಿಲ್ಲುವ ದುಭಾಷಿ. ಮೊದಮೊದಲ ಡಾಸ್‌ನಲ್ಲಿ ಈ ದುಭಾಷಿಗಳು ಸಿಸ್ಟಮ್‌ನ ಒಳಗೇ ಬೆರೆತುಹೋಗಿದ್ದರು. ಹೊಸದನ್ನು ಸೇರಿಸೋಕೆ ನೇರವಾದ ದಾರಿ ಇರಲಿಲ್ಲ. 1983ರ ಮಾರ್ಚ್‌ನಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಜೊತೆ ಡಾಸ್ 2.0 ಬಂದಾಗ ಆ ದಾರಿ ತೆರೆಯಿತು. ಕಾನ್ಫಿಗ್.ಸಿಸ್ ಅಂತ ಒಂದು ಸಾದಾ ಪಠ್ಯದ ಫೈಲು. ಅದರಲ್ಲಿ "ಡಿವೈಸ್=" ಅಂತ ಬರೆದು ಮುಂದೆ ಡ್ರೈವರ್ ಫೈಲಿನ ಹೆಸರು ಹಾಕಿದರೆ, ಯಂತ್ರ ಶುರುವಾದಾಗ ಅದು ಮೆಮೊರಿಗೆ ಬಂದು ಕೂರುತ್ತಿತ್ತು.

ತೆಗೆಯೋದು ಹೇಗೆ? ಆ ಸಾಲು ಅಳಿಸಿ, ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಮುಗೀತು. ಬೇರೆ ಎಲ್ಲೂ ಅದರ ಗುರುತು ಉಳಿಯುತ್ತಿರಲಿಲ್ಲ. ತೆಗೆಯಬೇಕು ಅನ್ನೋ ಆಸೆಯೂ ಆಗ ಜಾಸ್ತಿ ಇತ್ತು, ಯಾಕಂದ್ರೆ ಇದ್ದದ್ದೇ 640 ಕೆಬಿ ಮೆಮೊರಿ. ಮೌಸ್ ಡ್ರೈವರ್, ಸಿಡಿ ಡ್ರೈವರ್, ಸೌಂಡ್ ಡ್ರೈವರ್ ಎಲ್ಲವೂ ಅದರಲ್ಲೇ ಪಾಲು ಕೇಳುತ್ತಿದ್ದವು. 1991ರ ಡಾಸ್ 5 ಇವುಗಳನ್ನು ಮೇಲಿನ ಮೆಮೊರಿಗೆ ಸಾಗಿಸೋಕೆ ಅವಕಾಶ ಕೊಟ್ಟಿತು. 1993ರ ಡಾಸ್ 6ರಲ್ಲಿ ಎಫ್8 ಒತ್ತಿ ಒಂದೊಂದೇ ಸಾಲಿಗೆ "ಬೇಕು, ಬೇಡ" ಅಂತ ಉತ್ತರ ಕೊಡುತ್ತಾ ಹೋಗಬಹುದಿತ್ತು. ಯಾವ ಡ್ರೈವರ್ ಗಲಾಟೆ ಮಾಡ್ತಿದೆ ಅಂತ ಹಿಡಿಯೋಕೆ ಇಷ್ಟು ಸಾಕಿತ್ತು.

ಹಾಗಾದ್ರೆ ಅದೇ ಸುವರ್ಣಯುಗವಾ? ಅಲ್ಲ. ಸೇರಿಸುವಾಗ ಜೀವ ಹೋಗ್ತಿತ್ತು. ಸೌಂಡ್ ಕಾರ್ಡ್ ಹಾಕಬೇಕಾದ್ರೆ ಐಆರ್‌ಕ್ಯೂ ಎಷ್ಟು, ಡಿಎಂಎ ಎಷ್ಟು, ಪೋರ್ಟ್ ವಿಳಾಸ ಎಷ್ಟು ಅಂತ ಬಳಸುವವನಿಗೇ ಗೊತ್ತಿರಬೇಕು. ಕಾರ್ಡಿನ ಮೇಲಿನ ಪುಟ್ಟ ಜಂಪರ್ ಕಿತ್ತು ಬೇರೆ ಕಡೆ ಸಿಕ್ಕಿಸಬೇಕು. ಎರಡು ಕಾರ್ಡುಗಳು ಒಂದೇ ಐಆರ್‌ಕ್ಯೂ ಕೇಳಿದರೆ ಎರಡೂ ಸತ್ತವು. ತೆಗೆಯುವುದು ಸುಲಭ ಇದ್ದದ್ದು ಯಾಕಂದ್ರೆ ಲೆಕ್ಕವೆಲ್ಲ ಮನುಷ್ಯನ ತಲೆಯಲ್ಲಿ ಇತ್ತು, ಯಂತ್ರ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಸಿಕ್ಕಿಸಿದರೆ ಸಾಕು

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಆ ಲೆಕ್ಕವನ್ನು ತನ್ನ ಕೈಗೆ ತಗೊಂಡಿತು. ಪ್ಲಗ್ ಆ್ಯಂಡ್ ಪ್ಲೇ. ಕಾರ್ಡ್ ಸಿಕ್ಕಿಸಿ, ಯಂತ್ರ ಶುರು ಮಾಡಿ, ಉಳಿದದ್ದು ನನಗೆ ಬಿಡಿ ಅಂದಿತು. ಸಾಧನ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ, ವಿಂಡೋಸ್ ಆ ಸಂಖ್ಯೆಗೆ ಹೊಂದುವ ಐಎನ್‌ಎಫ್ ಫೈಲ್ ಹುಡುಕುತ್ತದೆ, ಫೈಲುಗಳನ್ನು ನಕಲು ಮಾಡುತ್ತದೆ, ಎಲ್ಲವನ್ನೂ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ.

ಬರೆದಿಡುತ್ತದೆ ಅನ್ನೋದನ್ನ ಗಮನಿಸಿ. ಕಾರ್ಡ್ ಕಿತ್ತು ಹಾಕಿದರೂ ಆ ಬರಹ ಅಳಿಸುವುದಿಲ್ಲ. ಇದು ತಪ್ಪಿನಿಂದ ಆದದ್ದಲ್ಲ, ಬೇಕಂತಲೇ ಮಾಡಿದ್ದು. ನಾಳೆ ಅದೇ ಕಾರ್ಡನ್ನು ಮತ್ತೆ ಹಾಕಿದರೆ ಹಳೆಯ ಸೆಟ್ಟಿಂಗ್ ಹಾಗೇ ಸಿಗಬೇಕಲ್ಲ? ನಾವು ಊರು ಬಿಟ್ಟು ಪುಣೆ, ಮುಂಬೈ, ಹೈದರಾಬಾದ್ ಸೇರಿದ್ರೂ ಮನೆಯ ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರು ಉಳಿದಿರುತ್ತಲ್ಲ, ಹಾಗೆ. ಯಾರಾದರೂ ಹೋಗಿ ತೆಗೆಸುವ ತನಕ ಆ ಹೆಸರು ಇರುತ್ತದೆ.

ಇದನ್ನ ನಾನು ಮೊದಲು ಕಂಡದ್ದು ಶಿಕಾರಿಪುರದಲ್ಲಿ ಇದೇ ಚಿಕ್ಕಪ್ಪನ ಡಿಟಿಪಿ ಅಂಗಡಿಯಲ್ಲಿ. ವಿಂಡೋಸ್ 98 ಇದ್ದ ಒಂದು ಯಂತ್ರ. ಲಗ್ನಪತ್ರಿಕೆ ಸೀಸನ್ನಿನಲ್ಲೇ ಅದು ಪದೇ ಪದೇ ನಿಲ್ಲುತ್ತಿತ್ತು. ರಿಪೇರಿಗೆ ಬಂದ ಹುಡುಗ ಸೇಫ್ ಮೋಡ್‌ಗೆ ಹೋಗಿ ಡಿವೈಸ್ ಮ್ಯಾನೇಜರ್ ತೆರೆದ. ಮಾಮೂಲಿಯಾಗಿ ಒಂದೇ ಕಾಣುತ್ತಿದ್ದ ಡಿಸ್‌ಪ್ಲೇ ಕಾರ್ಡ್ ಅಲ್ಲಿ ಮೂರು ಸಲ ಇತ್ತು! ಎರಡು ಕಾರ್ಡುಗಳು ಯಾವತ್ತೋ ಕಿತ್ತು ಹಾಕಿದ್ದವು. ಅವನ್ನು ತೆಗೆದ ಮೇಲೆ ಯಂತ್ರ ಸರಿಹೋಯ್ತು. ಹುಡುಗ ನೂರು ರೂಪಾಯಿ ತಗೊಂಡು ಹೋದ. ನಾನು ಅವತ್ತಿಂದ ಅದನ್ನೇ ಮಂತ್ರ ಅನ್ಕೊಂಡಿದ್ದೆ.

ಪ್ಲಗ್ ಆ್ಯಂಡ್ ಪ್ಲೇ ಎಷ್ಟು ನಾಜೂಕಾಗಿತ್ತು ಅನ್ನೋದಕ್ಕೆ ಪ್ರಸಿದ್ಧ ಉದಾಹರಣೆ 1998ರ ಏಪ್ರಿಲ್ 20ರದ್ದು. ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆ ಮೇಲಿದ್ದರು. ಕ್ರಿಸ್ ಕಪೋಸೆಲಾ ಇನ್ನೂ ಬಿಡುಗಡೆಯಾಗದ ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಸಿಕ್ಕಿಸಿ, ತಾನಾಗೇ ಡ್ರೈವರ್ ಹಾಕಿಕೊಳ್ಳುತ್ತೆ ನೋಡಿ ಅಂತ ತೋರಿಸೋಕೆ ಹೋದರು. ತೆರೆ ಪೂರ್ತಿ ನೀಲಿ. ಸಭೆಯಲ್ಲಿ ನಗೆ, ಚಪ್ಪಾಳೆ. ಅದಕ್ಕೇ ನಾವಿನ್ನೂ ಇದನ್ನು ಮಾರ್ತಿಲ್ಲ ಅನ್ನೋ ಅರ್ಥದಲ್ಲಿ ಗೇಟ್ಸ್ ಕೂಡ ತಮಾಷೆ ಮಾಡಿದರು.

ಉಗ್ರಾಣ

2000ದ ಫೆಬ್ರವರಿಯಲ್ಲಿ ವಿಂಡೋಸ್ 2000, ಮರುವರ್ಷ ಅಕ್ಟೋಬರ್‌ನಲ್ಲಿ ಎಕ್ಸ್‌ಪಿ ಬಂದವು. ಯುಎಸ್‌ಬಿ ಮನೆಮನೆಗೂ ಬಂತು. ಇಲ್ಲೊಂದು ಸೂಕ್ಷ್ಮ ಇದೆ. ತನ್ನದೇ ಸೀರಿಯಲ್ ಸಂಖ್ಯೆ ಇಲ್ಲದ ಯುಎಸ್‌ಬಿ ಸಾಧನವನ್ನು ಬೇರೆ ಪೋರ್ಟ್‌ಗೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಹೊಸ ಸಾಧನ ಅಂತಲೇ ಎಣಿಸುತ್ತದೆ. ಒಂದೇ ಮೌಸು ನಾಲ್ಕು ಪೋರ್ಟಿಗೆ ಹೋಗಿದ್ದರೆ ನಾಲ್ಕು ದಾಖಲೆ. ಇವೆಲ್ಲ ಕಣ್ಣಿಗೆ ಕಾಣಬೇಕಾದರೆ ಆಗ ಒಂದು ಉದ್ದನೆಯ ಎನ್‌ವಿರಾನ್‌ಮೆಂಟ್ ವೇರಿಯೇಬಲ್ ಹಾಕಿ, ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ "ಶೋ ಹಿಡನ್ ಡಿವೈಸಸ್" ಒತ್ತಬೇಕಿತ್ತು. ವಿಂಡೋಸ್ 8ರಿಂದೀಚೆಗೆ ಆ ವೇರಿಯೇಬಲ್ ಬೇಕಿಲ್ಲ.

ಇನ್ನೊಂದು ತೊಡಕು ಹೆಸರಿನದು. ಹೊರಗಿನ ಕಂಪನಿಯ ಐಎನ್‌ಎಫ್ ಫೈಲನ್ನು ಒಳಗೆ ತಗೊಳ್ಳುವಾಗ ವಿಂಡೋಸ್ ಅದಕ್ಕೆ ಓಇಎಂ0, ಓಇಎಂ1, ಓಇಎಂ2 ಅಂತ ಸಂಖ್ಯೆ ಹಾಕಿ ಇಡುತ್ತದೆ. ಎರಡು ಕಂಪನಿಗಳ ಫೈಲಿಗೆ ಒಂದೇ ಹೆಸರಿದ್ದರೆ ಜಗಳ ಆಗಬಾರದು ಅಂತ. ಒಳ್ಳೆಯ ಉದ್ದೇಶವೇ. ಆದ್ರೆ ಐದು ವರ್ಷದ ನಂತರ ಓಇಎಂ37 ಅಂದ್ರೆ ಪ್ರಿಂಟರೋ ಡಾಂಗಲೋ ಅಂತ ಹೆಸರು ನೋಡಿ ಹೇಳೋಕೆ ಆಗಲ್ಲ.

ಎಕ್ಸ್‌ಪಿಯಲ್ಲಿ "ರೋಲ್ ಬ್ಯಾಕ್ ಡ್ರೈವರ್" ಬಂತು. ಹೊಸ ಡ್ರೈವರ್ ಕೆಟ್ಟದಾಗಿದ್ದರೆ ಒಂದೇ ಗುಂಡಿಯಲ್ಲಿ ಹಳೆಯದಕ್ಕೆ ವಾಪಸ್. ಎಷ್ಟು ಜನರ ಕೆಲಸ ಉಳಿಸಿದ ಗುಂಡಿ ಅದು! ಆದರೆ ವಾಪಸ್ ಹೋಗಬೇಕಾದರೆ ಹಳೆಯದು ಎಲ್ಲೋ ಇರಬೇಕಲ್ಲ? ವಿಸ್ತಾ ಬಂದಾಗ ಇದು ಇನ್ನೂ ಮುಂದೆ ಹೋಯ್ತು. "ಡ್ರೈವರ್ ಸ್ಟೋರ್" ಅನ್ನುವ ಉಗ್ರಾಣ. ಡ್ರೈವರ್ ಪ್ಯಾಕೇಜು ಮೊದಲು ಇಡಿಯಾಗಿ ಆ ಉಗ್ರಾಣಕ್ಕೆ ಹೋಗುತ್ತದೆ, ಅಲ್ಲಿಂದ ಸಾಧನಕ್ಕೆ ಬಡಿಸುತ್ತಾರೆ. ಒಮ್ಮೆ ಅಡ್ಮಿನ್ ಉಗ್ರಾಣ ತುಂಬಿಸಿಟ್ಟರೆ, ಸಾಮಾನ್ಯ ಬಳಕೆದಾರ ಪ್ರಿಂಟರ್ ಸಿಕ್ಕಿಸಿದಾಗ ಅಡ್ಮಿನ್ ಪಾಸ್‌ವರ್ಡ್ ಕೇಳದೇ ಕೆಲಸ ಶುರು.

ಸಪೋರ್ಟ್‌ನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರೋ ಒಂದು ದೂರು ಇದೆ: "ಸರ್, ಡ್ರೈವರ್ ತೆಗೆದೆ, ರೀಸ್ಟಾರ್ಟ್ ಆದ್ಮೇಲೆ ಮತ್ತೆ ಬಂದ್ಬಿಟ್ಟಿದೆ!" ಅದರ ಮೂಲ ಇಲ್ಲಿದೆ. ನೀವು ತೆಗೆದದ್ದು ಎಲೆಯ ಮೇಲಿನದನ್ನ ಮಾತ್ರ. ಉಗ್ರಾಣದಲ್ಲಿ ಇರುವ ತನಕ ಮತ್ತೆ ಬಡಿಸುತ್ತಲೇ ಇರುತ್ತಾರೆ.

ನಡುಮನೆಗೆ ಬಂದ ಅತಿಥಿ

ಉಳಿದರೆ ಉಳಿಯಲಿ ಬಿಡಿ, ಜಾಗ ತಾನೇ ತಿನ್ನೋದು ಅನ್ನಬಹುದು. ತೊಂದರೆ ಜಾಗದ್ದಲ್ಲ. ಬಹುತೇಕ ಡ್ರೈವರ್‌ಗಳು ಓಡುವುದು ಕರ್ನಲ್ ಒಳಗೆ. ನಿಮ್ಮ ಬ್ರೌಸರ್ ಕುಸಿದರೆ ಬ್ರೌಸರ್ ಮಾತ್ರ ಬೀಳುತ್ತದೆ. ಕರ್ನಲ್ ಒಳಗಿನ ಡ್ರೈವರ್ ಕುಸಿದರೆ ಮನೆಯೇ ಬೀಳುತ್ತದೆ.

1996ರ ವಿಂಡೋಸ್ ಎನ್‌ಟಿ 4.0ರಲ್ಲಿ ವೇಗಕ್ಕಾಗಿ ಗ್ರಾಫಿಕ್ಸ್ ವ್ಯವಸ್ಥೆಯನ್ನೇ ಕರ್ನಲ್ ಒಳಗೆ ತಂದರು. ವೇಗ ಬಂತು, ಜೊತೆಗೆ ಅಪಾಯವೂ ಬಂತು. 2007ರ ಜನವರಿಯಲ್ಲಿ ಅಂಗಡಿಗೆ ಬಂದ ವಿಸ್ತಾದಲ್ಲಿ ಡಿಸ್‌ಪ್ಲೇ ಡ್ರೈವರಿನ ದೊಡ್ಡ ಭಾಗವನ್ನು ಮತ್ತೆ ಹೊರಗೆ ಕಳಿಸಿದರು. ಅಂದರೆ ಎಲ್ಲ ಕಂಪನಿಗಳೂ ಡ್ರೈವರನ್ನು ಹೊಸದಾಗಿ ಬರೆಯಬೇಕಾಯ್ತು. ಅವಸರದಲ್ಲಿ ಬರೆದರು. ಆಮೇಲೆ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್‌ನ ಒಳಗಿನ ದಾಖಲೆಗಳ ಪ್ರಕಾರ, 2007ರಲ್ಲಿ ದಾಖಲಾದ ವಿಸ್ತಾ ಕುಸಿತಗಳಲ್ಲಿ ಶೇ. 28.8ರಷ್ಟಕ್ಕೆ ಎನ್‌ವಿಡಿಯಾ ಡ್ರೈವರ್‌ಗಳು ಕಾರಣ. ಗ್ರಾಫಿಕ್ಸ್ ಡ್ರೈವರನ್ನು ಬೇರುಸಹಿತ ಕೀಳುವ ಡ್ರೈವರ್ ಸ್ವೀಪರ್, ಆಮೇಲೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದ್ರೆ ಗೇಮ್ ಆಡೋರು ಡಿಡಿಯು ಅನ್ನೋದು, ಇಂಥವಕ್ಕೆ ಜನ ಮುಗಿಬಿದ್ದದ್ದು ಸುಮ್ಮನೆ ಅಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಕೊಂಡಿಯೂ ಇದೆ. ಡ್ರೈವರ್ ಬರೆಯುವಾಗಲೇ ತಪ್ಪು ಹಿಡಿಯೋಕೆ ಆಗಲ್ವಾ ಅಂತ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ 2000ದ ಆಸುಪಾಸಿನಲ್ಲಿ "ಸ್ಲ್ಯಾಮ್" ಅನ್ನೋ ಯೋಜನೆ ನಡೆಸಿದರು. ಡ್ರೈವರನ್ನು ಓಡಿಸದೆಯೇ, ಕೋಡ್ ನೋಡಿಯೇ, ಅದು ಕರ್ನಲ್‌ನ ನಿಯಮ ಮುರಿಯುತ್ತದೋ ಇಲ್ಲವೋ ಅಂತ ಗಣಿತದಿಂದ ಪರೀಕ್ಷಿಸುವ ವಿಧಾನ. ಅದರಿಂದ "ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್" ಹುಟ್ಟಿ, ಡ್ರೈವರ್ ಬರೆಯುವವರ ಕಿಟ್‌ಗೆ ಸೇರಿತು. 2011ರಲ್ಲಿ ಇಬ್ಬರಿಗೂ ಈ ಕೆಲಸಕ್ಕೆ ಸಿಎವಿ ಪ್ರಶಸ್ತಿ ಬಂತು. 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾವನ್ನು ಮುಂದೆ ಮುನ್ನಡೆಸಿದವರು ಇದೇ ರಾಜಮಣಿ.

ಒಂದು ಮಿತಿ ಇದೆ. ಈ ಪರೀಕ್ಷೆ ಹೊಸದಾಗಿ ಬರೆಯುವ ಡ್ರೈವರಿಗೆ. ಉಗ್ರಾಣದಲ್ಲಿ ಮೊದಲೇ ಕೂತಿರುವ ಹಳೆಯದನ್ನು ಯಾರು ಪರೀಕ್ಷಿಸುತ್ತಾರೆ?

ತೆಗೆದರೆ ಬೀಳುವ ಕಂಬ

ನನ್ನ ಯುಎಸ್‌ಬಿ ಸತ್ತದ್ದು ಯಾಕೆ ಅಂತ ಅರ್ಥವಾದದ್ದು 2005ರ ಸೋನಿ ಬಿಎಂಜಿ ಪ್ರಕರಣ ಓದಿದಾಗ. ಆ ಕಂಪನಿ ತನ್ನ ಹಾಡಿನ ಸಿಡಿಗಳಲ್ಲಿ ನಕಲು ತಡೆಯೋಕೆ ಎಕ್ಸ್‌ಸಿಪಿ ಅನ್ನೋ ತಂತ್ರಾಂಶ ಸೇರಿಸಿತ್ತು. ಸಿಡಿ ಹಾಕಿ ಒಪ್ಪಿಗೆ ಒತ್ತಿದರೆ ಅದು ಕರ್ನಲ್ ಒಳಗೆ ಡ್ರೈವರ್ ಹಾಕಿ, ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತಿತ್ತು. ವಿಂಡೋಸ್ ಪರಿಣತ ಮಾರ್ಕ್ ರುಸಿನೋವಿಚ್ ತನ್ನದೇ ಯಂತ್ರದಲ್ಲಿ ಇದನ್ನು ಕಂಡು, 2005ರ ಅಕ್ಟೋಬರ್ 31ರಂದು ಜಗತ್ತಿಗೆ ಹೇಳಿದರು.

ಕಂಡಮೇಲೆ ಅವರೂ ನನ್ನ ಹಾಗೇ ಫೈಲುಗಳನ್ನು ಅಳಿಸಿದರು. ರೀಸ್ಟಾರ್ಟ್ ಮಾಡಿದರೆ ಸಿಡಿ ಡ್ರೈವೇ ಮಾಯ! ಕಾರಣ ಏನಂದ್ರೆ, ಆ ಡ್ರೈವರ್ ಸಿಡಿ ಡ್ರೈವಿನ ದಾರಿಯಲ್ಲಿ "ಫಿಲ್ಟರ್" ಆಗಿ ಕೂತಿತ್ತು. ಸಿಡಿಗೆ ಹೋಗುವ ಪ್ರತಿ ಮಾತೂ ಅದರ ಮೂಲಕವೇ ಹೋಗಬೇಕು ಅಂತ ರಿಜಿಸ್ಟ್ರಿಯಲ್ಲಿ ಬರೆದಿತ್ತು. ಫೈಲ್ ಹೋದರೂ ಬರಹ ಉಳಿಯಿತು. ವಿಂಡೋಸ್ ಆ ದಾರಿಯಲ್ಲಿ ನಿಲ್ಲಬೇಕಾದವನನ್ನು ಹುಡುಕಿ, ಸಿಗದೆ, ದಾರಿಯನ್ನೇ ಮುಚ್ಚಿತು. ರುಸಿನೋವಿಚ್ ರಿಜಿಸ್ಟ್ರಿಯಲ್ಲಿದ್ದ ಆ ಹೆಸರನ್ನೂ ತೆಗೆದ ಮೇಲೆ ಡ್ರೈವ್ ವಾಪಸ್ ಬಂತು. ಆಮೇಲೆ ಕಂಪನಿ ಕೊಟ್ಟ ತೆಗೆಯುವ ಸಾಧನದಲ್ಲೇ ಹೊಸ ಭದ್ರತಾ ತೂತು ಸಿಕ್ಕಿ, ಸಿಡಿಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಬೇಕಾಯ್ತು.

ಚಿಕ್ಕಪ್ಪನ ಡಾಂಗಲ್ ಡ್ರೈವರಿಗೆ ಕಳ್ಳ ಉದ್ದೇಶ ಇರಲಿಲ್ಲ. ಆದ್ರೆ ಅದೂ ಯುಎಸ್‌ಬಿ ದಾರಿಯಲ್ಲಿ ಫಿಲ್ಟರ್ ಆಗಿ ಕೂತಿತ್ತು. ನಾನು ಕಂಬ ಕಿತ್ತೆ, ಕಂಬದ ಮೇಲಿನ ಸೂರನ್ನು ನೋಡಲಿಲ್ಲ.

ಸಹಿ ಇದೆ, ಆದರೂ

ಹಾಗಾದ್ರೆ ಪರಿಚಯ ಇಲ್ಲದವರನ್ನು ಒಳಗೆ ಬಿಡಲೇಬಾರದು ಅಂತ 64 ಬಿಟ್ ವಿಸ್ತಾದಿಂದ ಕರ್ನಲ್ ಡ್ರೈವರ್‌ಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಯ್ತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. 2010ರಲ್ಲಿ ಇರಾನಿನ ಅಣು ಘಟಕಕ್ಕೆ ಹಾನಿ ಮಾಡಿದ ಸ್ಟಕ್ಸ್‌ನೆಟ್ ಪತ್ತೆಯಾದಾಗ, ಅದರ ಡ್ರೈವರ್‌ಗಳ ಮೇಲೆ ರಿಯಲ್‌ಟೆಕ್ ಕಂಪನಿಯ ಅಸಲಿ ಸಹಿ ಇತ್ತು. ಸಹಿ ಹಾಕುವ ಕೀಲಿಯನ್ನೇ ಕದ್ದಿದ್ದರು.

ಕದಿಯುವುದೂ ಬೇಡ ಅನ್ನೋ ಕಾಲ ಆಮೇಲೆ ಬಂತು. ಗಿಗಾಬೈಟ್ ಕಂಪನಿಯ ಮದರ್‌ಬೋರ್ಡ್ ತಂತ್ರಾಂಶದ ಜೊತೆ ಬರುತ್ತಿದ್ದ ಒಂದು ಡ್ರೈವರಿನಲ್ಲಿ 2018ರಲ್ಲಿ ದೋಷ ಪತ್ತೆಯಾಗಿತ್ತು. ಕಂಪನಿ ಆ ಡ್ರೈವರನ್ನು ಕೈಬಿಟ್ಟಿತು. ಆದ್ರೆ ಅದರ ಸಹಿ ರದ್ದಾಗಲಿಲ್ಲ. ಒತ್ತೆಹಣ ಕೇಳುವ ರಾಬಿನ್‌ಹುಡ್ ಅನ್ನೋ ರಾನ್ಸಮ್‌ವೇರ್ ಅದೇ ಹಳೇ ಡ್ರೈವರನ್ನು ತಾನೇ ಹೊತ್ತು ತಂದು, ಅದರ ಮೂಲಕ ಕರ್ನಲ್‌ಗೆ ನುಗ್ಗಿ, ಆ್ಯಂಟಿವೈರಸ್ ಕೊಲ್ಲುತ್ತಿದೆ ಅಂತ 2020ರ ಫೆಬ್ರವರಿಯಲ್ಲಿ ಸೋಫೋಸ್ ಸಂಸ್ಥೆ ವರದಿ ಮಾಡಿತು. ಬೀಗ ಹಳೆಯದು, ಕೀಲಿ ಅಸಲಿ.

ಇಂಥವುಗಳ ಪಟ್ಟಿ ಮಾಡಿ ತಡೆಯುವ ವ್ಯವಸ್ಥೆ ವಿಂಡೋಸ್ 11ರ 2022ರ ಅಪ್‌ಡೇಟ್‌ನಿಂದ ತಾನಾಗೇ ಆನ್ ಇರುತ್ತದೆ. ನನ್ನನ್ನು ಕಾಡಿದ ಮೆಮೊರಿ ಇಂಟೆಗ್ರಿಟಿಯೂ ಇದೇ ಕುಟುಂಬದ್ದು. ಕರ್ನಲ್‌ಗೆ ಬರುವ ಕೋಡನ್ನು ಪ್ರತ್ಯೇಕ ಕೋಣೆಯಲ್ಲಿ ಕೂತು ತಪಾಸಣೆ ಮಾಡುತ್ತದೆ. ಹಳೇ ಶೈಲಿಯಲ್ಲಿ ಬರೆದ ಡ್ರೈವರ್ ಆ ತಪಾಸಣೆ ದಾಟಲ್ಲ. ಒಂದು ಮಾತು ಸ್ಪಷ್ಟ ಇರಲಿ: ನಿಮ್ಮಲ್ಲಿರುವ ಹಳೇ ಡ್ರೈವರ್ ತೆಗೆದ ಮಾತ್ರಕ್ಕೆ ಕಳ್ಳ ತನ್ನದೇ ಡ್ರೈವರ್ ತರೋದು ನಿಲ್ಲಲ್ಲ. ಆದ್ರೆ ತೆಗೆಯದೇ ಇದ್ದರೆ ಕಾವಲುಗಾರನೇ ಒಳಗೆ ಬರೋಕಾಗಲ್ಲ. ಆ ಶುಕ್ರವಾರ ನನ್ನ ಲ್ಯಾಪ್‌ಟಾಪಿನಲ್ಲಿ ಆದದ್ದು ಅದೇ.

ಮೋಡೆಮ್‌ಗೆ ಬಂದ ನೋಟಿಸ್

ಲಿನಕ್ಸ್ ಬಳಸೋರು ಇಷ್ಟು ಹೊತ್ತು ಮೀಸೆ ತಿರುವುತ್ತಿರಬಹುದು. ಅಲ್ಲಿ ಬಹುತೇಕ ಡ್ರೈವರ್‌ಗಳು ಕರ್ನಲ್‌ನ ಮೂಲ ಕೋಡಿನಲ್ಲೇ ಇರುತ್ತವೆ. ಹಾಗಾಗಿ ಹಳೆಯದನ್ನು ತೆಗೆಯುವುದು ಎಲ್ಲರೆದುರು ಚರ್ಚಿಸಿ ಮಾಡುವ ತೀರ್ಮಾನ. 2021ರ 5.14 ಆವೃತ್ತಿಯಲ್ಲಿ ಹಳೇ ಐಡಿಇ ಡ್ರೈವರ್‌ಗಳ ಗುಂಪನ್ನೇ ತೆಗೆದರು. ಅದಕ್ಕೂ ಮೊದಲು 2013ರ 3.8 ಆವೃತ್ತಿಯಲ್ಲಿ ಇಂಟೆಲ್ 386 ಚಿಪ್‌ನ ಬೆಂಬಲ ಕೈಬಿಟ್ಟರು. 1991ರಲ್ಲಿ ಲಿನುಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯೋಕೆ ಕೂತದ್ದು ಒಂದು 386 ಯಂತ್ರದ ಮುಂದೆಯೇ. ತೊಟ್ಟಿಲನ್ನೂ ಅಟ್ಟದಿಂದ ಇಳಿಸಿ ಕಳಿಸಿದ ಹಾಗೆ.

ವಿಂಡೋಸ್ ಪ್ರಪಂಚದಲ್ಲಿ ಇಂಥ ಕೆಲಸ ಅಪರೂಪ. ಅದಕ್ಕೇ 2025ರ ಅಕ್ಟೋಬರ್ 14ರ ಅಪ್‌ಡೇಟ್ ನನಗೆ ಇತಿಹಾಸದ ಒಂದು ತಿರುವು ಅನಿಸಿದ್ದು. ಅವತ್ತು ಮೈಕ್ರೋಸಾಫ್ಟ್ ಅಗೀರ್ ಮೋಡೆಮ್ ಡ್ರೈವರನ್ನು ವಿಂಡೋಸ್‌ನಿಂದಲೇ ಕಿತ್ತು ಹಾಕಿತು. ಫೈಲಿನ ಹೆಸರು ಎಲ್‌ಟಿಎಂಡಿಎಂ64. ಡಯಲ್ ಅಪ್ ಮೋಡೆಮ್, ಫ್ಯಾಕ್ಸ್ ಮೋಡೆಮ್ ಕಾಲದ್ದು. ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಾಗಿನಿಂದ ಸೈಬರ್ ಕೆಫೆಗಳಲ್ಲಿ ಕೀಂ ಕೀಂ ಅಂತ ಕೂಗ್ತಿದ್ದವಲ್ಲ, ಆ ವಂಶದ್ದು.

ಅಗೀರ್ ಅಂದ್ರೆ ಲೂಸೆಂಟ್ ಕಂಪನಿಯಿಂದ ಬೇರೆಯಾದ ಚಿಪ್ ಕಂಪನಿ. 2007ರಲ್ಲಿ ಅದು ಎಲ್‌ಎಸ್‌ಐ ಜೊತೆ ವಿಲೀನವಾಯ್ತು, 2014ರಲ್ಲಿ ಎಲ್‌ಎಸ್‌ಐಯನ್ನು ಅವಾಗೋ ಕೊಂಡಿತು, ಆ ಅವಾಗೋ ಇವತ್ತು ಬ್ರಾಡ್‌ಕಾಮ್. ಕಂಪನಿ ಕೈಬದಲಾಗುತ್ತಾ ಹೋಯ್ತು, ಮೋಡೆಮ್‌ಗಳು ಗುಜರಿಗೆ ಹೋದವು, ಡ್ರೈವರ್ ಮಾತ್ರ ವಿಂಡೋಸ್ ಜೊತೆಗೇ ಹೊಚ್ಚ ಹೊಸ ಲ್ಯಾಪ್‌ಟಾಪ್‌ಗೂ ಬರುತ್ತಲೇ ಇತ್ತು. ಅದರಲ್ಲಿದ್ದ ದೋಷವನ್ನು ದಾಳಿಕೋರರು ಬಳಸುತ್ತಿದ್ದರು. ಮೋಡೆಮ್ ಯಂತ್ರದಲ್ಲಿ ಬಳಕೆಯಲ್ಲಿ ಇಲ್ಲದಿದ್ದರೂ ದಾಳಿ ಸಾಧ್ಯ ಅಂತ ಮೈಕ್ರೋಸಾಫ್ಟೇ ಹೇಳಿತು. ದೋಷ ತಿದ್ದುವ ಬದಲು ಡ್ರೈವರನ್ನೇ ತೆಗೆದರು. ಅದನ್ನು ನಂಬಿದ್ದ ಫ್ಯಾಕ್ಸ್ ಮೋಡೆಮ್‌ಗಳು ಇನ್ನು ನಡೆಯಲ್ಲ, ನಿಮ್ಮ ದಾರಿ ನೋಡ್ಕೊಳ್ಳಿ ಅಂದರು.

ನಲವತ್ತು ವರ್ಷದ ಹಿಂದೆ ಡ್ರೈವರ್ ತೆಗೆಯುತ್ತಿದ್ದದ್ದು 640 ಕೆಬಿಯಲ್ಲಿ ಜಾಗ ಮಾಡೋಕೆ. ಆಮೇಲೆ ನೀಲಿ ತೆರೆ ತಪ್ಪಿಸೋಕೆ. ಈಗ ಬಾಗಿಲು ಮುಚ್ಚೋಕೆ. "ಅನ್‌ಇನ್‌ಸ್ಟಾಲ್" ಅನ್ನೋ ಮಾತು ಅದೇ, ಅರ್ಥ ಎರಡು ಸಲ ಬದಲಾಗಿದೆ.

ಶನಿವಾರ ರಾತ್ರಿ ನಾನು ಮಾಡಿದ್ದು

ಇಷ್ಟು ಓದಿದ ಮೇಲೆ ತೆಗೆಯುವ ಕ್ರಮ ತಾನಾಗೇ ಹೊಳೆಯಿತು. ಬರಹ ಮೊದಲು, ಉಗ್ರಾಣ ಆಮೇಲೆ, ಫೈಲಿಗೆ ಕೈ ಹಾಕಲೇಬಾರದು.

ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿದೆ. ಆ ಡಾಂಗಲ್‌ನ ತಂತ್ರಾಂಶ ಆ್ಯಪ್‌ಗಳ ಪಟ್ಟಿಯಲ್ಲಿ ಇನ್ನೂ ಇತ್ತು, ಅದರದ್ದೇ ಅನ್‌ಇನ್‌ಸ್ಟಾಲರ್ ಓಡಿಸಿದೆ. ಫಿಲ್ಟರ್ ಅಂತ ರಿಜಿಸ್ಟ್ರಿಯಲ್ಲಿ ಹಾಕಿದ್ದ ಹೆಸರನ್ನು ಅದು ತೆಗೆಯಿತು. ನಾನು ಮೊದಲೇ ಇದನ್ನು ಮಾಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ "ಶೋ ಹಿಡನ್ ಡಿವೈಸಸ್" ಒತ್ತಿದೆ. ಮಸುಕು ಬಣ್ಣದಲ್ಲಿ ಡಾಂಗಲ್‌ನ ಆರು ನೆರಳುಗಳು ಕಂಡವು. ಒಂದೊಂದನ್ನೂ ಅನ್‌ಇನ್‌ಸ್ಟಾಲ್ ಮಾಡುವಾಗ, ಡ್ರೈವರನ್ನೂ ತೆಗೆ ಅನ್ನೋ ಚೌಕ ಎಲ್ಲಿ ಕಾಣಿಸಿತೋ ಅಲ್ಲೆಲ್ಲ ಗುರುತು ಹಾಕಿದೆ.

ಕೊನೆಗೆ ಉಗ್ರಾಣ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸ್ ಜೊತೆಗೇ ಬರುವ ಪಿಎನ್‌ಪಿಯುಟಿಲ್ ಅನ್ನೋ ಉಪಕರಣಕ್ಕೆ "ಎನಮ್-ಡ್ರೈವರ್ಸ್" ಆಜ್ಞೆ ಕೊಟ್ಟರೆ ಹೊರಗಿನ ಡ್ರೈವರ್‌ಗಳ ಪೂರ್ತಿ ಪಟ್ಟಿ ಬರುತ್ತದೆ. ಓಇಎಂ ಸಂಖ್ಯೆಯ ಪಕ್ಕ ಮೂಲ ಹೆಸರು, ಕಂಪನಿ, ದಿನಾಂಕ ಎಲ್ಲ ಇರುತ್ತೆ. ಡಾಂಗಲ್ ಕಂಪನಿಯ ಎರಡು ಉಳಿದಿದ್ದವು. "ಡಿಲೀಟ್-ಡ್ರೈವರ್" ಆಜ್ಞೆಗೆ ಆ ಓಇಎಂ ಹೆಸರು ಕೊಟ್ಟು, ಕೊನೆಗೆ "ಅನ್‌ಇನ್‌ಸ್ಟಾಲ್" ಸೇರಿಸಿ ತೆಗೆದೆ. "ಫೋರ್ಸ್" ಅನ್ನೋ ಆಯ್ಕೆಯೂ ಇದೆ, ಏನು ಮಾಡ್ತಿದ್ದೀರಿ ಅಂತ ಖಾತ್ರಿ ಇಲ್ಲದೇ ಅದನ್ನು ಮುಟ್ಟಬೇಡಿ. ಫೈಲ್ ರೆಪಾಸಿಟರಿ ಫೋಲ್ಡರಿಗೆ ಹೋಗಿ ಕೈಯಾರೆ ಅಳಿಸುವ ಸಾಹಸವೂ ಬೇಡ. ಗ್ರಾಫಿಕ್ಸ್ ಡ್ರೈವರ್ ಆದ್ರೆ ಸೇಫ್ ಮೋಡ್‌ನಲ್ಲಿ ಡಿಡಿಯು ಬಳಸಿ, ಆ ಹೊತ್ತಿಗೆ ಇಂಟರ್ನೆಟ್ ಕಿತ್ತಿಡಿ. ಇಲ್ಲಾಂದ್ರೆ ವಿಂಡೋಸ್ ಅಪ್‌ಡೇಟ್ ಹಿಂದಿನ ಬಾಗಿಲಿನಿಂದ ಮತ್ತೊಂದನ್ನು ತಂದು ಹಾಕುತ್ತದೆ.

ರೀಸ್ಟಾರ್ಟ್. ಮೌಸ್ ಇತ್ತು. ಹೆಡ್‌ಸೆಟ್ ಇತ್ತು. ಮೆಮೊರಿ ಇಂಟೆಗ್ರಿಟಿ ಆನ್ ಆಯ್ತು. ರಾತ್ರಿ ಹನ್ನೊಂದೂವರೆ.

ಭಾನುವಾರ ಬಸ್ ಹತ್ತಿದೆ. ಅಪ್ಪನ ಕಣ್ಣು ಚೆನ್ನಾಗಿದೆ, ಈಗ ಪೇಪರಿನ ಸಣ್ಣ ಅಕ್ಷರವನ್ನೂ ಕನ್ನಡಕ ಇಲ್ಲದೇ ಓದ್ತೀನಿ ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದಾರೆ. ಚಿಕ್ಕಪ್ಪನ ಅಂಗಡಿಯ ಈಗಿನ ಯಂತ್ರದಲ್ಲೂ ಒಂದು ಸಂಜೆ ಕೂತು ಆ ಪಟ್ಟಿ ತೆಗೆಸಿದೆ. ಹದಿನಾರು ಪ್ರಿಂಟರ್ ಡ್ರೈವರ್‌ಗಳು ಸಿಕ್ಕವು. ಅಂಗಡಿಯಲ್ಲಿರೋದು ಎರಡು ಪ್ರಿಂಟರ್. "ಉಳಿದದ್ದೆಲ್ಲ ತೆಗೀಲಾ ಚಿಕ್ಕಪ್ಪಾ?" ಅಂದೆ. ಅವರು ಪಟ್ಟಿಯನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿ, ಯಾವ ಪ್ರಿಂಟರ್ ಯಾವ ವರ್ಷ ತಗೊಂಡಿದ್ದು, ಯಾವುದರಲ್ಲಿ ಯಾರ ಲಗ್ನಪತ್ರಿಕೆ ಮಾಡಿದ್ದು ಅಂತ ಹೇಳ್ತಾ ಹೋದ್ರು. ಕೊನೆಗೆ "ತೆಗಿಯೋ" ಅಂದ್ರು.

ನೀವೂ ಈ ವಾರ ಒಂದು ಸಲ ಆ ಪಟ್ಟಿ ತೆಗೆದು ನೋಡಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.